ಕಸದ ಆಟೊದಲ್ಲಿ ಶಕುಂತಲಮ್ಮನ ದನಿ

ಚಾಮರಾಜಪೇಟೆಯಲ್ಲಿ ಶಕುಂತಲಮ್ಮನವರ ಬೀದಿಗೆ ಬರುವ ಕಸದ ಆಟೊ ಕೆಲವು ದಿನಗಳಿಂದ ಮೂಕವಾಗಿತ್ತು. ಮೊದಲೆಲ್ಲ ಅದರ ತಲೆಯ ಮೇಲಿನ ಸ್ಪೀಕರಿನಲ್ಲಿ ಒಂದು ಪ್ರಕಟಣೆ ಬರುತ್ತಿತ್ತು. ಮಳೆನೀರು ಹೊಕ್ಕು ಪೆನ್‌ಡ್ರೈವ್ ಕೆಟ್ಟ ಮೇಲೆ ಚಾಲಕ ಅನಿಲ್ ಕುಮಾರ್ ಹಾರ್ನ್ ಹೊಡೆಯತೊಡಗಿದ. ಹಾರ್ನ್ ಹೊಡೆಯದ ವಾಹನವೇ ಇಲ್ಲದ ಬೀದಿಯಲ್ಲಿ ಇದೊಂದು ಹಾರ್ನಿಗೆ ಯಾರು ಕಿವಿ ಕೊಡುತ್ತಾರೆ? ಆಟೊ ತಿರುವಿನಲ್ಲಿ ಮರೆಯಾದ ಮೇಲೆ ಎಲ್ಲರೂ ಬಕೆಟ್ ಹಿಡಿದು ಗೇಟಿಗೆ ಬಂದು, ಪಾಲಿಕೆಯನ್ನು ನಾಲ್ಕು ಮಾತು ಬೈದು, ಬಕೆಟ್ ಸಮೇತ ಒಳಗೆ ಹೋಗುತ್ತಿದ್ದರು.

ಗುತ್ತಿಗೆದಾರರ ಕಡೆಯ ಸೂಪರ್‌ವೈಸರ್ ರವಿಕುಮಾರ್ ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದಾಗ ಶಕುಂತಲಮ್ಮ ಅವನನ್ನು ಗೇಟಿನಲ್ಲೇ ತಡೆದರು.

"ಹೊಸ ಪೆನ್‌ಡ್ರೈವ್ ಬಂದಿದೆ ಮೇಡಂ, ಆದ್ರೆ ಖಾಲಿ," ಎಂದ ರವಿಕುಮಾರ್. "ಸ್ಟುಡಿಯೋದಲ್ಲಿ ಯಾರದೋ ವಾಯ್ಸ್ ಮಾಡಿಸ್ತಿದಾರಂತೆ. ಸೋಮವಾರ ಹಾಕ್ತೀವಿ."

"ಯಾರದೋ ಯಾಕಪ್ಪ? ನಾನಿಲ್ವಾ?"

ರವಿಕುಮಾರ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಶಕುಂತಲಮ್ಮ ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ," ಎಂದರು. ಎರಡೇ ಪದ. ರವಿಕುಮಾರ್ ಬೈಕಿನಿಂದ ಇಳಿದ.

"ಮೇಡಂ, ಬಸ್ ಸ್ಟ್ಯಾಂಡ್‌ನಲ್ಲಿ... ಅದು ನೀವಾ? ಚಿಕ್ಕವನಿದ್ದಾಗ ಅಜ್ಜಿ ಊರಿಗೆ ಹೋಗೋವಾಗೆಲ್ಲ ಕೇಳಿದೀನಿ!"

ಅದು ಅವರೇ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಹೇಳುವುದೇ ಅವರ ನೌಕರಿಯಾಗಿತ್ತು. ಒಂದು ಊರಿನ ಹೆಸರೂ ತಪ್ಪಿದ್ದಿಲ್ಲ. ನಿವೃತ್ತಿ ಇನ್ನೂ ಎರಡು ವರ್ಷ ದೂರವಿರುವಾಗ ಒಂದು ದಿನ ಮೈಕು ತೆಗೆದು ಅಲ್ಲಿ ಕಂಪ್ಯೂಟರ್ ಕೂರಿಸಿದರು. ಅದರೊಳಗೆ ಬೇರೆ ಯಾರದೋ ದನಿ ತುಂಬಿಕೊಂಡು ಬಂದಿತ್ತು. ಶಕುಂತಲಮ್ಮನಿಗೆ ಪಾಸ್ ವಿಭಾಗದಲ್ಲಿ ಸೀಲು ಒತ್ತುವ ಕೆಲಸ ಕೊಟ್ಟರು. ಅಲ್ಲಿ ದಿನವಿಡೀ ಆ ಇನ್ನೊಂದು ದನಿ ಕೇಳಿಸುತ್ತಿತ್ತು. ಅದು ಚೆನ್ನಾಗಿಯೇ ಇತ್ತು. ಅವರನ್ನು ಹೆಚ್ಚು ಉರಿಸಿದ್ದು ಅದೇ.

ಈಗ ತಮ್ಮದೇ ಬೀದಿಯಲ್ಲಿ ಸ್ಟುಡಿಯೋದ ಇನ್ನೊಬ್ಬಳ ದನಿ ಕೇಳಿಕೊಂಡು ಕೂರಲು ಅವರು ತಯಾರಿರಲಿಲ್ಲ.

"ಶನಿವಾರದೊಳಗೆ ಇದಕ್ಕೆ ಹಾಕ್ಕೊಡಿ," ಎಂದು ರವಿಕುಮಾರ್ ಪೆನ್‌ಡ್ರೈವ್ ಕೈಗಿತ್ತ. "ಎಂಪಿತ್ರೀನೇ ಇರ್ಬೇಕು ಮೇಡಂ. ಆಟೊದಲ್ಲಿರೋ ಡಬ್ಬ ಬೇರೇನೂ ತಿನ್ನಲ್ಲ. ಶನಿವಾರ ದಾಟಿದ್ರೆ ಸ್ಟುಡಿಯೋದ್ದೇ ಗತಿ."

ಶಕುಂತಲಮ್ಮನ ಬಳಿ ಎರಡು ಫೋನುಗಳಿದ್ದವು. ಒಂದು ಅವರದೇ ಹಳೆಯದು. ಅದು ಒಮ್ಮೆ ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಬಿದ್ದಿದ್ದರಿಂದ, ಅದರಲ್ಲಿ ಮಾತಾಡಿದರೆ ಆ ಕಡೆಯವರಿಗೆ ಇವರು ಇನ್ನೂ ಬಕೆಟ್ಟಿನೊಳಗೇ ಇದ್ದಾರೆ ಅನ್ನಿಸುತ್ತಿತ್ತು. ಇನ್ನೊಂದು ಮಗಳು ಧನುಶ್ರೀಯ ಹಳೆಯ ಐಫೋನ್. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ಧನುಶ್ರೀ ಹೊಸದು ಕೊಂಡಾಗ ಇದನ್ನು ಅಮ್ಮನಿಗೆ ದಾಟಿಸಿದ್ದಳು. ಇದರಲ್ಲಿ ಸಿಮ್ ಇರಲಿಲ್ಲ. ಮನೆಯ ವೈಫೈಯಲ್ಲಿ ಅಡುಗೆ ವಿಡಿಯೋ ನೋಡುವುದಕ್ಕಷ್ಟೇ ಬಳಕೆ. ಆದರೆ ದನಿಯನ್ನು ಹಿಡಿದುಕೊಳ್ಳುವುದರಲ್ಲಿ ಬಲು ಶುದ್ಧ.

ಅದರಲ್ಲಿ ಶಕುಂತಲಮ್ಮನಿಗೆ ಗೊತ್ತಿದ್ದದ್ದು ಕ್ಯಾಮೆರಾ ಒಂದೇ. ಹಾಗಾಗಿ ಗುರುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಫೋನನ್ನು ಅಂಗಾತ ಮಲಗಿಸಿ, ವಿಡಿಯೋ ಚಾಲೂ ಮಾಡಿ, ಪ್ರಕಟಣೆ ಹೇಳಿದರು. ಚಿತ್ರದಲ್ಲಿ ಏನಿದ್ದರೇನು? ಬೇಕಾದದ್ದು ದನಿ. ಮೊದಲ ಕೆಲವು ಸಲ ಸರಿಬರಲಿಲ್ಲ. ಒಮ್ಮೆ ನಾಲಿಗೆ ಹಳೇ ಜಾಡಿಗೆ ಬಿತ್ತು, ಒಮ್ಮೆ ಅಡುಗೆಮನೆಯಲ್ಲಿದ್ದ ಗಂಡ ವೆಂಕಟಪ್ಪ ಅಡ್ಡಿಮಾಡಿದರು, ಒಮ್ಮೆ ಕಣ್ಣು ಪಕ್ಕದ ಕಸದ ಬಕೆಟ್ಟಿನತ್ತ ಹೋಯಿತು. ನಿಲ್ಲಿಸಿ ಮತ್ತೆ ಚಾಲೂ ಮಾಡುವ ಗೋಜಿಗೆ ಹೋಗದೆ ಶಕುಂತಲಮ್ಮ ಹೇಳುತ್ತಲೇ ಹೋದರು. ಕೊನೆಯ ಸಲ ಹೇಳಿದ್ದು ಗಾಜಿನ ಕೋಣೆಯ ಕಾಲದ್ದೇ ದನಿ. ಅಕ್ಷರ ಅಕ್ಷರವೂ ಬಿಡಿಬಿಡಿ, ಒಗೆದು ಹರವಿದ ಹಾಗೆ.

ವಿಡಿಯೋ ಕತ್ತರಿಸುವುದನ್ನು ಮಗಳು ಮಾಡುವಾಗ ನೋಡಿದ್ದರು. ಕೆಳಗಿನ ಪಟ್ಟಿಯ ಹಳದಿ ಅಂಚನ್ನು ಬೆರಳಿನಿಂದ ಎಳೆಯುತ್ತ ಹೋಗಿ, ಕೊನೆಯ ಶುದ್ಧ ಭಾಗವನ್ನಷ್ಟೇ ಉಳಿಸಿ, ಸರಿ ಒತ್ತಿದರು. ಮತ್ತೆ ಹಾಕಿ ಕೇಳಿದರು. "ನಾಗರಿಕರ ಗಮನಕ್ಕೆ" ಇಂದ "ಧನ್ಯವಾದಗಳು" ತನಕ ಒಂದು ನಿಮಿಷವೂ ಇಲ್ಲ. ಮುಂದಿನದು, ಹಿಂದಿನದು ಎಲ್ಲ ಮಾಯ. ಯಾರ ಸಹಾಯವೂ ಇಲ್ಲದೆ ಮಾಡಿದ ಕೆಲಸವೆಂದು ತಮಗೆ ತಾವೇ ತಲೆದೂಗಿದರು.

ಇನ್ನು ಉಳಿದದ್ದು ಅದನ್ನು ಪೆನ್‌ಡ್ರೈವಿಗೆ ಹಾಕುವುದು. ಅದೇನು ಮಹಾ ಎಂದುಕೊಂಡು, ತರಬೇತಿಗೆಂದು ಹುಬ್ಬಳ್ಳಿಗೆ ಹೋಗಿದ್ದ ಧನುಶ್ರೀಗೆ ಹಳೇ ಫೋನಿನಿಂದ ಕರೆ ಮಾಡಿದರು.

"ಅಮ್ಮಾ, ನೀನು ಬಕೆಟ್ಟಿಂದ ಮಾತಾಡ್ತಿದೀಯ. ಜೋರಾಗಿ ಹೇಳು."

"ಆ ಫೋನಿಂದ ಈ ಫೋನಿಗೆ ಒಂದು ವಿಡಿಯೋ ಕಳಿಸ್ಬೇಕೇ. ಬ್ಲೂಟೂತಲ್ಲಿ ಆಗುತ್ತಲ್ಲ?"

"ಆಗಲ್ಲಮ್ಮ. ಐಫೋನು ಐಫೋನಿಗೆ ಮಾತ್ರ ಹಾಗೆ ಕೊಡೋದು. ಬೇರೆ ಫೋನಿಗೆ ಬ್ಲೂಟೂತಲ್ಲಿ ಫೈಲ್ ಕೊಡಲ್ಲ."

"ಫೋನಿಗೂ ಪಂಕ್ತಿಭೇದ ಬಂತೇನೇ? ನಮ್ಮ ತಾತನ ಕಾಲಕ್ಕೇ ಅದೆಲ್ಲ ಸಾಕಾಗಿತ್ತಲ್ಲ!"

ಧನುಶ್ರೀ ನಕ್ಕಳು. "ಅದರಲ್ಲಿ ನನ್ನ ಮೇಲ್ ಎಲ್ಲ ತೆಗೆದುಬಿಟ್ಟಿದೀನಿ. ವಾಟ್ಸಾಪೂ ಇಲ್ಲ. ಕೇಬಲ್ ಹಾಕಿ ಕಂಪ್ಯೂಟರಿಗೆ ತಗೊಳ್ಳೋದೇ ದಾರಿ. ಭಾನುವಾರ ಬರ್ತೀನಲ್ಲ, ಎರಡು ನಿಮಿಷದ ಕೆಲಸ, ಮಾಡ್ಕೊಡ್ತೀನಿ."

"ಭಾನುವಾರಕ್ಕೆ ಬಸ್ ಹೊರಟುಹೋಗಿರುತ್ತೆ," ಎಂದು ಶಕುಂತಲಮ್ಮ ಫೋನಿಟ್ಟರು.

ಶನಿವಾರ ಬೆಳಿಗ್ಗೆ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಕ್ಕಳ ಕೂಟ ಪಾರ್ಕಿನ ಹತ್ತಿರದ ಗೌರೀಶನ ಜೆರಾಕ್ಸ್ ಅಂಗಡಿಗೆ ಹೋದರು. ನಲವತ್ತು ದಾಟಿದ ಗೌರೀಶ ಮಾಗಡಿ ಕಡೆಯವನು. ತನ್ನ ಕಂಪ್ಯೂಟರಿಗೆ ಬಾರದ ಫೈಲೇ ಇಲ್ಲ ಎಂದು ಎದೆ ತಟ್ಟಿ ಹೇಳುವ ಅಭ್ಯಾಸ ಅವನಿಗಿತ್ತು. ಕಂಪ್ಯೂಟರು ಅವನಿಗಿಂತ ಹತ್ತು ವರ್ಷ ಹಿರಿಯದರಂತೆ ಕಾಣುತ್ತಿತ್ತು.

"ವಾಟ್ಸಾಪ್ ಮಾಡಿ ಆಂಟಿ, ಅಲ್ಲಿ ಬೋರ್ಡಲ್ಲಿ ನಂಬರ್ ಇದೆ."

"ಇದರಲ್ಲಿ ವಾಟ್ಸಾಪ್ ಇಲ್ಲ."

"ಮೇಲ್ ಮಾಡಿ."

"ಮೇಲೂ ಇಲ್ಲ. ಸಿಮ್ಮೂ ಇಲ್ಲ."

"ಮತ್ತೆ ಏನಿದೆ ಆಂಟಿ ಇದರಲ್ಲಿ?"

"ನನ್ನ ದನಿ ಇದೆ."

ಗೌರೀಶ ಕುರ್ಚಿ ಎಳೆದುಕೊಂಡು ಬ್ಲೂಟೂತ್ ಹುಡುಕಿದ. ಕಂಪ್ಯೂಟರಿನ ಪರದೆಯ ಮೇಲೆ ಪಕ್ಕದ ಬೇಕರಿಯ ಟಿವಿ ಬಂತು, ರಸ್ತೆಯಲ್ಲಿ ನಿಂತಿದ್ದ ಯಾರದೋ ಕಾರು ಬಂತು, ಕೊನೆಗೆ ಧನುಶ್ರೀಯ ಐಫೋನೂ ಬಂತು. ಎರಡೂ ಕಡೆ ಸಂಖ್ಯೆ ತೋರಿಸಿತು. ತಾಳೆ ನೋಡಿ ಇಬ್ಬರೂ ಒಪ್ಪಿಗೆ ಒತ್ತಿದರು. ಜೋಡಿಯಾಯಿತು ಎಂಬ ಸಂದೇಶವೂ ಬಂತು. ಆದರೆ ಫೋನಿನಲ್ಲಿ ವಿಡಿಯೋ ತೆರೆದು ಕಳಿಸುವ ಗುರುತು ಒತ್ತಿದರೆ, ಅಲ್ಲಿ ಬ್ಲೂಟೂತಿನ ಹೆಸರೇ ಇರಲಿಲ್ಲ.

"ನಿಶ್ಚಿತಾರ್ಥ ಆಯ್ತು ಆಂಟಿ," ಎಂದ ಗೌರೀಶ ತಲೆ ಕೆರೆದುಕೊಳ್ಳುತ್ತ. "ಹೆಣ್ಣು ಮಾತ್ರ ಕಳಿಸಿಕೊಡಲ್ಲ ಅಂತಿದಾರೆ."

"ಪೆನ್‌ಡ್ರೈವನ್ನ ನೇರ ಫೋನಿಗೇ ಚುಚ್ಚಿದ್ರೆ?"

"ತೂತೇ ಬೇರೆ."

ಅಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು. ಮುಂದಿದ್ದ ಮುದುಕರು ಆಧಾರ್ ಕಾರ್ಡನ್ನು ಬೀಸಣಿಗೆ ಮಾಡಿಕೊಂಡು, "ಇವರ ಮದುವೆ ಮುಗಿಯೋ ತನಕ ನಮ್ಮದೊಂದು ಜೆರಾಕ್ಸ್ ತೆಗೆದುಬಿಡಪ್ಪ," ಎಂದರು. ಗೌರೀಶ ಒಂದು ಕೈಯಲ್ಲಿ ಜೆರಾಕ್ಸ್ ತೆಗೆಯುತ್ತ ಇನ್ನೊಂದು ಕೈಯಲ್ಲಿ ಕೇಬಲ್ಲುಗಳ ಡ್ರಾಯರ್ ಎಳೆದ. ಗಿರಾಕಿಗಳು ಮರೆತು ಹೋದ ಎಲ್ಲ ಜಾತಿಯ ಕೇಬಲ್ಲುಗಳೂ ಅದರಲ್ಲಿ ಸುತ್ತಿಕೊಂಡು ಬಿದ್ದಿದ್ದವು. ಕುತ್ತಿಗೆಗೆ ಟೇಪು ಸುತ್ತಿದ ಒಂದು ಬಿಳಿಯ ಕೇಬಲ್ ಕೊನೆಗೂ ಫೋನಿನ ಬಾಯಿಗೆ ಹೊಂದಿತು.

ಕಂಪ್ಯೂಟರು ಟಿಣ್ಣೆಂದಿತು. ಫೋನಿನ ಚಿತ್ರ ಬಂತು. ಗೌರೀಶ ಒಳಹೊಕ್ಕು ನೋಡಿದರೆ, ಖಾಲಿ.

"ಆಂಟಿ, ಇದರಲ್ಲಿ ಒಂದು ಫೋಟೋನೂ ಇಲ್ಲ."

"ಇಲ್ಲದೇ ಏನು? ಮೊಮ್ಮಗಳ ಫೋಟೋನೇ ರಾಶಿ ಇದೆ."

"ಫೋನು ಏನಾದ್ರೂ ಪ್ರಶ್ನೆ ಕೇಳ್ತಾ?"

"ಕೇಳ್ತು. ಬೇಡ ಅಂದೆ."

"ಏನು ಕೇಳ್ತು?"

"ಈ ಕಂಪ್ಯೂಟರನ್ನ ನಂಬ್ತೀರಾ ಅಂತ."

ಗೌರೀಶ ಜೆರಾಕ್ಸ್ ಯಂತ್ರದ ಮುಚ್ಚಳ ಬಿಟ್ಟು ಇತ್ತ ತಿರುಗಿದ. "ನಂಬಲ್ಲ ಅಂದ್ಬಿಟ್ರಾ?"

"ಪರಿಚಯ ಇಲ್ಲದೋರನ್ನ ಹೇಗಪ್ಪ ನಂಬೋದು? ಧನುಶ್ರೀ ಹೇಳಿದಾಳೆ, ಫೋನ್ ಏನೇ ಕೇಳಿದ್ರೂ ಬೇಡ ಅನ್ನು ಅಂತ."

"ಅವರು ಹೇಳಿದ್ದು ಸರಿ. ಈಗೊಂದ್ಸಲ ಹೂಂ ಅನ್ನಿ. ನೀವು ನಂಬದಿದ್ರೆ ಅದು ನನಗೆ ಖಾಲಿ ಮನೆ ತೋರಿಸುತ್ತೆ."

ಕೇಬಲ್ ಕಿತ್ತು ಮತ್ತೆ ಹಾಕಿದಾಗ ಫೋನು ಅದೇ ಪ್ರಶ್ನೆ ಕೇಳಿತು. ಶಕುಂತಲಮ್ಮ ಗೌರೀಶನ ಮುಖ ನೋಡಿದರು, ಕಂಪ್ಯೂಟರಿನ ಮುಖ ನೋಡಿದರು, ಮನಸ್ಸಿಲ್ಲದ ಮನಸ್ಸಿನಿಂದ ನಂಬಿಕೆ ಒತ್ತಿ ಪಾಸ್‌ಕೋಡ್ ಹಾಕಿದರು. ಆ ಕೂಡಲೇ ಪರದೆ ತುಂಬ ಫೈಲುಗಳು ಸಾಲುಗಟ್ಟಿದವು.

ಕಂಪ್ಯೂಟರಿಗೆ ಆ ವಿಡಿಯೋದ ಚಿತ್ರ ಓದಲು ಬರಲಿಲ್ಲ. ಹೆಸರು, ಗಾತ್ರ ಮಾತ್ರ ಕಾಣುತ್ತಿತ್ತು. ಗುರುವಾರದ ತಾರೀಖಿನಲ್ಲಿ ಒಂದೇ ಸಂಖ್ಯೆಯ ಎರಡು ಫೈಲುಗಳಿದ್ದವು. ಒಂದು ಚಿಕ್ಕದು, ಒಂದು ದೊಡ್ಡದು.

"ಎರಡಿದೆ ಆಂಟಿ."

"ಎರಡು ಹೇಗೆ? ನಾನು ಮಾಡಿದ್ದು ಒಂದೇ."

"ಫೋನೇ ಒಂದು ಚಿಕ್ಕ ಕಾಪಿ ಇಟ್ಕೊಂಡಿರ್ಬೇಕು," ಎಂದ ಗೌರೀಶ. ಹದಿನೈದು ವರ್ಷ ಪಾಸ್‌ಪೋರ್ಟ್ ಫೋಟೋ ಮುದ್ರಿಸಿದವನಿಗೆ ಒಂದು ಸಂಗತಿ ಖಚಿತವಾಗಿ ಗೊತ್ತಿತ್ತು: ಫೈಲು ದೊಡ್ಡದಿದ್ದಷ್ಟೂ ಕ್ವಾಲಿಟಿ ಜಾಸ್ತಿ. ದೊಡ್ಡದನ್ನೇ ಎಳೆದುಕೊಂಡ, ದನಿಯನ್ನು ಬೇರ್ಪಡಿಸಿ ಎಂಪಿತ್ರೀ ಮಾಡಿದ, ಹೆಡ್‌ಫೋನ್ ಹಾಕಿಕೊಂಡು ಕೊನೆಯ ತುಣುಕನ್ನಷ್ಟೇ ಒಂದು ಸಲ ಕೇಳಿದ. "ಸಹಕರಿಸಿದ್ದಕ್ಕೆ ಧನ್ಯವಾದಗಳು."

"ಸೂಪರ್ ಆಂಟಿ! ರೇಡಿಯೋನೇ."

ಪೆನ್‌ಡ್ರೈವ್ ಅಂದೇ ಮಧ್ಯಾಹ್ನ ರವಿಕುಮಾರನ ಕೈ ಸೇರಿತು.

ಸೋಮವಾರ ಬೆಳಿಗ್ಗೆ ಶಕುಂತಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಗೇಟಿನ ಬಳಿ ನಿಂತಿದ್ದರು. ಆಟೊ ಬೀದಿಯ ತುದಿಯಲ್ಲಿ ತಿರುಗಿತು. ಸ್ಪೀಕರು ಒಮ್ಮೆ ಗೊರಗುಟ್ಟಿ ಬಾಯಿ ಬಿಟ್ಟಿತು.

"ಪ್ರಯಾಣಿಕರ ಗಮನಕ್ಕೆ. ಚಾಮರಾಜಪೇಟೆ ಮಾರ್ಗವಾಗಿ ತೆರಳುವ ಕಸದ ವಾಹನವು ಇನ್ನು ಕೆಲವೇ ನಿಮಿಷಗಳಲ್ಲಿ... ಥೂ, ಎಲ್ಲಿಯ ಪ್ರಯಾಣಿಕರು! ನನಗೆ ಬುದ್ಧಿ ಎಲ್ಲಿದೆ?"

ಶಕುಂತಲಮ್ಮನ ಕೈ ಗೇಟಿನ ಮೇಲೆಯೇ ನಿಂತುಬಿಟ್ಟಿತು.

"ನಾಗರಿಕರ ಗಮನಕ್ಕೆ. ಹಸಿ ಕಸ ಮತ್ತು ಒಣ ಕಸವನ್ನು... ರೀ! ಆ ಮಿಕ್ಸಿ ನಿಲ್ಲಿಸ್ರಿ! ಇಲ್ಲಿ ರೆಕಾರ್ಡ್ ಆಗ್ತಿದೆ, ಅಲ್ಲಿ ಚಟ್ನಿ ರುಬ್ತಿದೀರಾ?"

ಆಟೊ ನಿಧಾನವಾಗಿ ಬರುತ್ತಿತ್ತು. ಒಂದೊಂದೇ ಕಿಟಕಿ ತೆರೆಯಿತು. ಬಾಲ್ಕನಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಸರಿಯಾಗಿ ಶಕುಂತಲಮ್ಮನವರ ಮನೆ ಮುಂದೆ ಆಟೊ ನಿಂತಾಗ, ಅವರದೇ ದನಿ ಅವರದೇ ಮನೆಯ ಕಡೆ ತಿರುಗಿ ಗುಡುಗಿತು:

"ಇದೇನ್ರೀ ಇದು? ಹಸಿ ಕಸದ ಬಕೆಟ್ಟಲ್ಲಿ ಶೇವಿಂಗ್ ಬ್ಲೇಡು! ಬಾಳೆಹಣ್ಣಿನ ಸಿಪ್ಪೆ ಒಳಗೆ ಬ್ಲೇಡು! ತಿಮ್ಮಕ್ಕ ಕೈ ಹಾಕಿ ಬೇರೆ ಮಾಡ್ತಾಳಲ್ಲ, ಅವಳ ಬೆರಳು ಹೋದ್ರೆ ನಿಮ್ಮ ಬೆರಳು ಕೊಡ್ತೀರಾ? ರಿಟೈರ್ಡ್ ಹೆಡ್‌ಮಾಸ್ಟರಂತೆ, ಒಂದು ಬ್ಲೇಡ್ ಪೇಪರಲ್ಲಿ ಸುತ್ತೋಕೆ ಬರಲ್ಲ!"

ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದ ವೆಂಕಟಪ್ಪ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿದರು. ಹಾಗೆಯೇ ಎದ್ದು, ಪತ್ರಿಕೆ ಇಳಿಸದೆ, ಒಳಗೆ ನಡೆದರು. ಆಟೊದ ಹಿಂದೆ ಗ್ಲೌಸು ತೊಟ್ಟು ನಿಂತಿದ್ದ ತಿಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ಅನಿಲಾ, ನಿಲ್ಸೋ ಅದನ್ನ!" ಎಂದು ಶಕುಂತಲಮ್ಮ ಕೂಗಿದರು.

"ಬಟನ್ ಕಿತ್ತೋಗಿದೆ ಅಮ್ಮಾ!" ಅನಿಲ್ ಕುಮಾರ್ ಒಳಗಿನಿಂದಲೇ ಅಂದ. "ಗಾಡಿ ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ!"

ಇನ್ನೂ ಕೆಟ್ಟದ್ದು ಮುಂದೆ ಇತ್ತು. ಆಟೊ ಎದುರುಮನೆಯ ಪ್ರತಿಭಾಳ ಗೇಟು ಮುಟ್ಟಿತು. ಪ್ರತಿಭಾ ಕಾಲೇಜಿನಲ್ಲಿ ಪರಿಸರ ಅಧ್ಯಯನ ಪಾಠ ಮಾಡುವವಳು. ಬಕೆಟ್ ಹಿಡಿದು ನಗುತ್ತಲೇ ನಿಂತಿದ್ದಳು.

"ಎದುರುಮನೆ ಪ್ರತಿಭಾನೂ ಅಷ್ಟೇ. ಹುಡುಗರಿಗೆ ಪರಿಸರ ಪಾಠ ಹೇಳ್ತಾಳೆ, ಇಲ್ಲಿ ನೋಡಿದ್ರೆ ಕೊತ್ತಂಬರಿ ಕಟ್ಟಿನ ಕೆಳಗೆ ಮಗುವಿನ ಡೈಪರ್ ಬಚ್ಚಿಟ್ಟು ಕೊಡ್ತಾಳೆ. ಇವಳನ್ನ ಯಾವ ಬಕೆಟ್ಟಿಗೆ ಹಾಕೋದು?"

ಪ್ರತಿಭಾಳ ನಗು ಅಲ್ಲೇ ನಿಂತಿತು. ಬಕೆಟ್ಟನ್ನು ಕೊಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹುಶಃ ಕೊತ್ತಂಬರಿ ಅಂದೂ ಮೇಲೇ ಇತ್ತು.

ಆಮೇಲೆ ಬಂದ ಶುದ್ಧ ಪ್ರಕಟಣೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಶಕುಂತಲಮ್ಮ ಗೌರೀಶನ ಅಂಗಡಿ ತಲುಪಿದಾಗ ಅವನಿನ್ನೂ ಷಟರ್ ಅರ್ಧ ಎತ್ತಿದ್ದ.

"ನಾನು ಕತ್ತರಿಸಿದ್ದೆ! ನನ್ನ ಕಣ್ಣಾರೆ ನೋಡಿದೀನಿ, ಫೋನಲ್ಲಿ ಅದೆಲ್ಲ ಇರಲೇ ಇಲ್ಲ!"

ಮತ್ತೆ ಕೇಬಲ್, ಮತ್ತೆ ನಂಬಿಕೆ. ಗೌರೀಶ ಈ ಸಲ ಎರಡೂ ಫೈಲುಗಳನ್ನು ಮೊದಲಿಂದ ಕೊನೆಯ ತನಕ ಕೇಳಿದ. ನಡುವೆ ಎರಡು ಸಲ ಹೆಡ್‌ಫೋನ್ ತೆಗೆದು ಗೋಡೆಯ ಕಡೆ ತಿರುಗಿ ನಕ್ಕು ಬಂದ.

"ಆಂಟಿ, ಫೋನು ಕತ್ತರಿಸಿಯೇ ಇಲ್ಲ. ಕತ್ತರಿಸಿದ ಹಾಗೆ ನಿಮಗೆ ತೋರಿಸ್ತಿದೆ ಅಷ್ಟೇ. ಮೂಲದ್ದನ್ನ ಹಾಗೇ ಒಳಗೆ ಇಟ್ಕೊಂಡಿದೆ, ಮನಸ್ಸು ಬದಲಾದ್ರೆ ಬೇಕಾಗುತ್ತೆ ಅಂತ. ಕೇಬಲ್ ಹಾಕಿದ್ರೆ ಎರಡನ್ನೂ ಕೈಗೆ ಕೊಡುತ್ತೆ. ನೀವು ಮಾಡಿದ್ದು ಚಿಕ್ಕದು. ನಾನು ದೊಡ್ಡದು ತಗೊಂಡೆ. ತಪ್ಪು ನಂದೇ."

"ಬ್ಲೂಟೂತಲ್ಲಿ ಒಂದು ಫೈಲ್ ಕೊಡು ಅಂದ್ರೆ ಕೊಡಲ್ಲ, ಬೇಡದೇ ಇದ್ದಾಗ ಎರಡು ಕೊಡುತ್ತೆ. ಇದೆಂಥ ಫೋನಪ್ಪ?"

ಚಿಕ್ಕ ಫೈಲಿನ ಎಂಪಿತ್ರೀ ಹೊಸದಾಗಿ ತಯಾರಾಯಿತು. ಅಷ್ಟು ಹೊತ್ತಿಗೆ ಪ್ರತಿಭಾಳ ದೂರೂ ರವಿಕುಮಾರನಿಗೆ ತಲುಪಿತ್ತು. "ಇದೊಂದು ಸಲ ಮೇಡಂ," ಎಂದ ಅವನು. "ಮತ್ತೆ ಕಂಪ್ಲೇಂಟ್ ಬಂದ್ರೆ ಸ್ಟುಡಿಯೋದ್ದು ರೆಡಿ ಇದೆ." ಶಕುಂತಲಮ್ಮ ಪ್ರತಿಭಾಳ ಮನೆಗೂ ಹೋದರು. ಬಾಗಿಲು ಅರ್ಧವೇ ತೆರೆಯಿತು.

"ನನ್ನ ಬಾಯಿ ತಪ್ಪಮ್ಮ. ಕ್ಷಮಿಸು."

"ಸ್ಪೀಕರಲ್ಲಿ ಬೈದು, ಮನೆಗೆ ಬಂದು ಕಿವಿಯಲ್ಲಿ ಸಾರಿ ಹೇಳ್ತೀರಲ್ಲ ಆಂಟಿ, ಇದು ನ್ಯಾಯಾನಾ?" ಎಂದಳು ಪ್ರತಿಭಾ. ಬಾಗಿಲು ಮುಚ್ಚಿತು. ಮತ್ತೆ ತೆರೆಯಿತು. "ಡೈಪರ್ ಒಂದೇ ದಿನ ಇತ್ತು!" ಮತ್ತೆ ಮುಚ್ಚಿತು.

ಮರುದಿನದಿಂದ ಶುದ್ಧ ಪ್ರಕಟಣೆ ಬೀದಿಯಲ್ಲಿ ಮೊಳಗಿತು. ನಾಗರಿಕರ ಗಮನಕ್ಕೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಉಸಿರು ಕಡಿಮೆಯಿಲ್ಲ. ಶಕುಂತಲಮ್ಮ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತು ಕೇಳಿದರು. ಗಾಜಿನ ಕೋಣೆಗೆ ಹೋಗಿ ಬಂದ ಹಾಗಾಯಿತು. ಕಣ್ಣು ತೆರೆದು ನೋಡಿದರೆ ಬೀದಿಯಲ್ಲಿ ಅವರು ಬಿಟ್ಟರೆ ಯಾರೂ ಇರಲಿಲ್ಲ. ಆಟೊ ಹೋದ ಮೇಲೆ ಒಬ್ಬೊಬ್ಬರಾಗಿ ಬಕೆಟ್ ಹಿಡಿದು ಬಂದರು.

"ಇವತ್ತು ಆಟೊ ಬಂತಾ?" ಮೇಲಿನ ಮನೆಯ ಶ್ರೀಧರ್ ಬಾಲ್ಕನಿಯಿಂದ ಕೇಳಿದ. "ನೀವು ಬೈದದ್ದು ಕೇಳಿಸಲೇ ಇಲ್ಲ, ಅದಕ್ಕೇ ಬಂದಿಲ್ಲ ಅಂದ್ಕೊಂಡೆ."

ಶುಕ್ರವಾರ ಆಟೊ ನಿಂತಾಗ ತಿಮ್ಮಕ್ಕ ಗ್ಲೌಸು ತೆಗೆದು ಎಡಗೈಯ ಹೆಬ್ಬೆರಳು ತೋರಿಸಿದಳು. ಸುತ್ತಿದ ಬಟ್ಟೆಯ ಮೇಲೆ ಒಣಗಿದ ರಕ್ತದ ಕಲೆ ಇತ್ತು.

"ಒಡೆದ ಬಲ್ಬು. ಮುದ್ದೆ ಒಳಗಿತ್ತು. ನಿನ್ನೆ."

"ಯಾರ ಮನೇದು?"

"ಯಾರ ಮನೇದಂತ ಹೇಳಲಿ? ಎಲ್ಲಾ ಬಕೆಟ್ಟೂ ಒಂದೇ ಥರ." ತಿಮ್ಮಕ್ಕ ಗ್ಲೌಸು ಮತ್ತೆ ತೊಟ್ಟಳು. "ಅಮ್ಮಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೋಮವಾರ ನೀವು ಬೈದ್ರಲ್ಲ, ಅವತ್ತು ಮುಂದಿನ ಕ್ರಾಸಲ್ಲಿ ಮೂರು ಮನೆಯವರು ಬ್ಲೇಡನ್ನ ಪೇಪರಲ್ಲಿ ಸುತ್ತಿ, ಮೇಲೆ ಬ್ಲೇಡ್ ಅಂತ ಬರೆದು ಕೊಟ್ರು. ಈ ಕೆಲಸಕ್ಕೆ ಬಂದಾಗಿಂದ ನನಗೆ ಅಂಥಾದ್ದು ಯಾರೂ ಕೊಟ್ಟಿರಲಿಲ್ಲ. ಈಗಿನದು ಚೆನ್ನಾಗೇ ಇದೆ, ಟಿವಿಯಲ್ಲಿ ಬರೋ ಥರ ಇದೆ. ಅದಕ್ಕೇ ಯಾರೂ ಏಳಲ್ಲ."

"ನಾನು ತಪ್ಪು ತಪ್ಪಾಗಿ ಹೇಳಿದ್ದು ಕಣೇ ಅದು. ಬಾಯಿಗೆ ಬಂದದ್ದು."

"ಬಾಯಿಗೆ ಬಂದದ್ದಕ್ಕೇ ಜನ ಬಾಗಿಲಿಗೆ ಬಂದದ್ದು. ಆ ಪ್ರಯಾಣಿಕರು ಅಂತೀರಲ್ಲ, ಅಲ್ಲೇ ನಗ್ತಾ ಎದ್ದು ಬರ್ತಾರೆ. ಆಮೇಲೆ ಬೈಸ್ಕೋತಾರೆ."

ಅಂದು ಮಧ್ಯಾಹ್ನ ಶಕುಂತಲಮ್ಮ ಊಟದ ಮೇಜಿಗೆ ಕೂತು ಮತ್ತೆ ಫೋನು ಮಲಗಿಸಿದರು. ತಪ್ಪಿಲ್ಲದೆ, ಹೆಸರಿಲ್ಲದೆ, ಮರ್ಯಾದೆಯಿಂದ ಬೈದು ನೋಡೋಣ ಎಂದುಕೊಂಡರು. "ನಾಗರಿಕರೇ, ಬ್ಲೇಡುಗಳನ್ನು ಕಾಗದದಲ್ಲಿ ಸುತ್ತದೆ ಕೊಡುವುದು ತಮಗೆ ಶೋಭೆ ತರುವುದಿಲ್ಲ." ಕೇಳಿದರು. ಸುತ್ತೋಲೆ ಓದಿದ ಹಾಗಿತ್ತು. "ಬ್ಲೇಡು ಯಾಕ್ರೀ ಹಾಕ್ತೀರಾ!" ಕೇಳಿದರು. ಶಾಲಾ ನಾಟಕದ ಹಾಗಿತ್ತು.

"ಸಿಟ್ಟೇ ಬರ್ತಿಲ್ಲ," ಎಂದರು ಗಂಡನಿಗೆ.

"ಇನ್ನೊಂದು ಬ್ಲೇಡ್ ಹಾಕಲಾ?" ವೆಂಕಟಪ್ಪ ಕೇಳಿದರು.

"ಹಳೇದನ್ನೇ ಹಾಕೋಣ ಅಂದ್ರೆ, ಅದು ನಿಮ್ಮನ್ನ ಬೀದಿಗೆಲ್ಲ ಕೇಳೋ ಹಾಗೆ ಬೈದದ್ದು. ನಿಮಗೆ ಬೇಡ ಅಂದ್ರೆ ಅದನ್ನ ಮುಟ್ಟಲ್ಲ."

ವೆಂಕಟಪ್ಪ ಸ್ವಲ್ಪ ಯೋಚಿಸಿದರು. "ಹೆಡ್‌ಮಾಸ್ಟರ್ ಅಂತ ಹೇಳಿದೀಯಲ್ಲ, ಅದು ಇರಲಿ. ಪಾರ್ಕಲ್ಲಿ ಈಗ ಎಲ್ಲರೂ ಗುರುತು ಹಿಡೀತಾರೆ."

ಮತ್ತೆ ಕಂಪ್ಲೇಂಟ್ ಬರದ ಹಾಗಿದ್ದರೆ ಸರಿ ಎಂದು ರವಿಕುಮಾರ್ ಪೆನ್‌ಡ್ರೈವ್ ಮರಳಿ ಕೊಟ್ಟ. ಗೌರೀಶನ ಅಂಗಡಿಯಲ್ಲಿ ಶನಿವಾರ ಮೂಲ ಫೈಲು ಮತ್ತೆ ತೆರೆಯಿತು. ಪ್ರತಿಭಾಳ ಭಾಗವನ್ನು ತೆಗೆದದ್ದಾಯಿತು. ಉಳಿದದ್ದನ್ನು ಶಕುಂತಲಮ್ಮ ಕೊನೆಯ ತನಕ ಕೇಳಿ, ಆ ಹೆಸರು ಎಲ್ಲೂ ಉಳಿದಿಲ್ಲ ಎಂದು ಖಚಿತ ಮಾಡಿಕೊಂಡರು. ಗೌರೀಶ ಬಾಣದ ಗುರುತನ್ನು ಮೊದಲ ಸಾಲಿಗೆ ತಂದು ನಿಲ್ಲಿಸಿದ.

"ಈ ಪ್ರಯಾಣಿಕರು ಅನ್ನೋದು? ನಿಮ್ಮ ಸರ್ವೀಸಲ್ಲಿ ಒಂದೂ ತಪ್ಪು ಮಾಡಿಲ್ಲ ಅಂತೀರಾ. ತೆಗೆದುಬಿಡಲಾ?"

ಶಕುಂತಲಮ್ಮ ಪರದೆಯ ಮೇಲಿನ ಅಲೆಗಳಂಥ ಗೆರೆಗಳನ್ನು ನೋಡುತ್ತ ನಿಂತರು. ತಪ್ಪಿದ ಕಡೆ ಗೆರೆ ಎತ್ತರಕ್ಕೆ ಚಿಮ್ಮಿತ್ತು. ಶುದ್ಧವಾಗಿದ್ದ ಕಡೆ ಎಲ್ಲವೂ ಒಂದೇ ಮಟ್ಟ.

"ಇರಲಿ ಬಿಡು," ಎಂದರು. ಸ್ವಲ್ಪ ತಡೆದು, "ಬೇಗ ಪೆನ್‌ಡ್ರೈವಿಗೆ ಹಾಕು, ಮನಸ್ಸು ಬದಲಾದೀತು."

ಸೋಮವಾರ ಆಟೊ ಬಂದಾಗ ಅವರಿಗೆ ಜಗುಲಿಯಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ಗಾಜಿನ ಕೋಣೆಯೊಳಗೆ ಕೂತಿದ್ದರಿಂದ, ತಮ್ಮ ದನಿ ಹೊರಗೆ ನಿಂತವರಿಗೆ ಹೇಗೆ ಕೇಳುತ್ತದೆ, ಕೇಳಿದವರು ಏನು ಮಾಡುತ್ತಾರೆ ಎಂಬುದನ್ನು ಅವರು ನೋಡಿದ್ದೇ ಇಲ್ಲ. ಚಪ್ಪಲಿ ಮೆಟ್ಟಿ ಆಟೊದ ಹಿಂದೆ ನಡೆದರು.

"ಎಲ್ಲಿಗಮ್ಮ?" ತಿಮ್ಮಕ್ಕ ಕೇಳಿದಳು.

"ಕ್ರಾಸ್ ತನಕ. ಸುಮ್ಮನೆ."

ಮೇಲಿನಿಂದ ಅವರ ದನಿ ಪ್ರಯಾಣಿಕರನ್ನು ಕರೆಯಿತು, ತನ್ನನ್ನೇ ಬೈದುಕೊಂಡಿತು, ಮಿಕ್ಸಿ ನಿಲ್ಲಿಸಲು ಹೇಳಿತು. ಬಾಗಿಲುಗಳು ತೆರೆದವು. ಶ್ರೀಧರ್ ಬನಿಯನ್ನಿನಲ್ಲೇ ಮೆಟ್ಟಿಲು ಇಳಿದು ಬಂದ. ಪ್ರತಿಭಾ ಮೂರು ಬಕೆಟ್ಟುಗಳನ್ನು ಗೇಟಿನ ಹೊರಗೆ ಸಾಲಾಗಿ ಇಟ್ಟಿದ್ದಳು. ಡೈಪರಿನದು ಬೇರೆಯೇ ಇತ್ತು, ಎದ್ದು ಕಾಣುವಂತೆ ಮುಂದೆ. ಶಕುಂತಲಮ್ಮ ಅತ್ತ ಕಣ್ಣು ಹಾಯಿಸಲಿಲ್ಲ. ಪ್ರತಿಭಾಳೂ ಇತ್ತ ನೋಡಲಿಲ್ಲ. ಆದರೆ ತನ್ನ ಗೇಟು ದಾಟುವ ತನಕ ಕಿವಿ ನಿಮಿರಿಸಿ ನಿಂತಿದ್ದು, ಹೆಸರು ಬಾರದೆ ಆಟೊ ಮುಂದೆ ಹೋದ ಮೇಲೆ ಉಸಿರು ಬಿಟ್ಟಳು.

ತಿರುವಿನ ಮನೆಗೆ ಹೊಸದಾಗಿ ಬಂದಿದ್ದ ಬಾಡಿಗೆದಾರನೊಬ್ಬ ಫೋನಿನಲ್ಲಿ ಮಾತಾಡುತ್ತಲೇ ಬಂದು, ಆಟೊದ ಹಿಂದೆ ನಿಂತಿದ್ದ ಶಕುಂತಲಮ್ಮನ ಕೈಗೇ ಬಕೆಟ್ ಹಿಡಿಸಿದ. ಅನ್ನದ ಮೇಲೆ ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಬಾಟಲಿ, ಬಾಟಲಿಯ ಪಕ್ಕ ಸ್ಟೇಪ್ಲರಿನ ಪಿನ್ನುಗಳು.

"ಇದೇನಪ್ಪ ಇದು?" ಎಂದರು ಶಕುಂತಲಮ್ಮ. ಈಗ ಸಿಟ್ಟು ತಾನಾಗಿಯೇ ಬಂತು. "ಅನ್ನದೊಳಗೆ ಪಿನ್ನು! ಕೈ ಹಾಕೋರು ಮನುಷ್ಯರಲ್ವಾ?"

ಸ್ಪೀಕರಿನಲ್ಲಿ ಅದೇ ಹೊತ್ತಿಗೆ ಅದೇ ದನಿ ಬ್ಲೇಡಿನ ಪ್ರಸಂಗಕ್ಕೆ ಬಂದಿತ್ತು. ಬಾಡಿಗೆದಾರ ಒಮ್ಮೆ ಆಟೊದ ತಲೆ ನೋಡಿದ, ಒಮ್ಮೆ ಇವರ ಮುಖ ನೋಡಿದ. ಎರಡು ಕಡೆಯಿಂದಲೂ ಬೈಗುಳ ಬರುತ್ತಿತ್ತು.

"ಆಮೇಲೆ ಮಾಡ್ತೀನಿ ಮಗಾ," ಎಂದು ಫೋನಿಗೆ ಹೇಳಿ, ಬಕೆಟ್ ವಾಪಸು ಇಸಿದುಕೊಂಡು, ಅವನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಪಿನ್ನುಗಳನ್ನು ಆರಿಸತೊಡಗಿದ.

"ಅನಿಲಾ, ಸ್ವಲ್ಪ ತಡಿ," ಎಂದರು ಶಕುಂತಲಮ್ಮ. "ಇವರದ್ದು ಮುಗೀಲಿ."